ರಸ್ತೆ ಎದ್ದು ನಿಂತ ಊರು

ಅಮ್ಮನ ಹೊಲಿಗೆ ಯಂತ್ರದ ಮೇಲೆ, ದಾರದ ಉಂಡೆಗೆ ಒರಗಿಸಿಟ್ಟ ಫೋನಿನಲ್ಲಿ ನನ್ನ ತಂಗಿ ಹೋಗುತ್ತಿದ್ದಳು. ಒಂದು ಪುಟ್ಟ ಕಪ್ಪು ಕಾರು, ಇರುವೆಗಿಂತ ಸ್ವಲ್ಪ ದೊಡ್ಡದು, ನಾವು ಯಾರೂ ಕಾಣದ ದೇಶದ ನಕ್ಷೆಯ ಮೇಲೆ ತೆವಳುತ್ತಿತ್ತು. ಈ ಕ್ಷಣ ಅವಳು ಅದರೊಳಗೆ ಕೂತಿದ್ದಾಳೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು.

"ಮುಖ ಬಾಡಿದೆಯಾ ನೋಡೇ" ಎಂದಳು ಅಮ್ಮ.

"ಇದ್ರಲ್ಲಿ ಮುಖ ಕಾಣಲ್ಲಮ್ಮ, ಕಾರು ಮಾತ್ರ. ತಲೆ ತಿನ್ಬೇಡ."

ನಮ್ಮದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಗೋಡೆಗೆ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಸ್ಪಂಜಿನ ರಾಶಿ, ಎಲ್ಲಕ್ಕೂ ಮೇಲೆ ಅಂಟಿನ ವಾಸನೆ. ಬರುವವರು ಹೆಚ್ಚಾಗಿ ಟ್ಯಾಕ್ಸಿಯವರೇ. ಕವರ್ ಹಾಕಿ ಮುಗಿಯುವವರೆಗೆ ಅವರಿಗೆ ಬೇರೆ ಕೆಲಸವಿಲ್ಲ, ಕತೆ ಹೇಳುತ್ತಾರೆ. ಆ ಕತೆಗಳನ್ನು ಕೇಳಿ ಕೇಳಿ ಅಮ್ಮನಿಗೆ ಟ್ಯಾಕ್ಸಿಯಷ್ಟು ಅಪಾಯದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ ಎನಿಸಿಬಿಟ್ಟಿದೆ.

ತಂಗಿ ಕೃತಕ ಕಾಲು ಮಾಡುವುದನ್ನು ಕಲಿತವಳು. ಅದರಲ್ಲೇ ಹೆಚ್ಚಿನ ತರಬೇತಿಗೆ ಹೊರದೇಶದವರು ಆರಿಸಿ ಕರೆದಾಗ ಅಮ್ಮ ಹರಳೆಣ್ಣೆ ಕುಡಿದ ಮುಖ ಮಾಡಿದ್ದಳು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಟ್ಯಾಕ್ಸಿ ಹತ್ತಿದರೆ ಇಳಿಯುವವರೆಗೂ ಅದು ನಮ್ಮ ಫೋನಿನಲ್ಲಿ ಕಾಣುತ್ತಿರಬೇಕು. ಕೂದಲಷ್ಟು ಹೆಚ್ಚುಕಮ್ಮಿ ಆದರೂ ಸಿಕ್ಕಿದ ವಿಮಾನಕ್ಕೆ ವಾಪಸ್ ಬರಬೇಕು.

ಕಾರು ಹತ್ತಿದ ಕೂಡಲೇ ತಂಗಿ ತನ್ನ ದನಿ ರೆಕಾರ್ಡ್ ಮಾಡಿ ಕಳಿಸಿದ್ದಳು. "ಏರ್‌ಪೋರ್ಟ್ ಬಾಗಿಲಲ್ಲೇ ಒಬ್ಬ ಟ್ಯಾಕ್ಸಿ ಬೇಕಾ ಅಂತ ಸೂಟ್‌ಕೇಸಿಗೆ ಕೈ ಹಾಕ್ದ, ಬೇಡ ಅಂದೆ. ಬುಕ್ ಮಾಡಿದ ಕಾರೇ ಬಂತು, ನಂಬರ್ ನೋಡ್ದೆ. ನನ್ನ ಹೆಸರು ನಾನು ಹೇಳ್ಲಿಲ್ಲ. ಯಾರಿಗೋಸ್ಕರ ಬಂದಿದ್ದೀರಿ ಅಂತ ಅವರನ್ನೇ ಕೇಳ್ದೆ. ಅರ್ಧ ನುಂಗಿ ಹೇಳಿದ್ರು, ಆದ್ರೂ ನನ್ನ ಹೆಸರೇ. ಹಿಂದೆ ಕೂತಿದ್ದೀನಿ, ಬೆಲ್ಟ್ ಹಾಕಿದ್ದೀನಿ. ಸಾಕಾ?"

"ಸಾಕಾ ಅಂತೆ!" ಅಮ್ಮ ಗೊಣಗಿದರೂ ಆ ದನಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು.

ಆಮೇಲೆ ಕಾರು ಗುರುತು ಹಾಕಿದ ದಾರಿ ಬಿಟ್ಟು ಎಡಕ್ಕೆ ತಿರುಗಿತು.

ಹಿಂದಿನ ಸೀಟಿಗೆ ಕವರ್ ಹಾಕಿಸಲು ಬಂದಿದ್ದ ಡ್ರೈವರಣ್ಣ ಬಗ್ಗಿ ನೋಡಿ, "ಮುಂದೆ ಜಾಮ್ ಆಗಿರ್ಬೇಕು ಬಿಡಿ ಅಮ್ಮಾ, ನಾವೂ ತಿರುಗಿಸ್ತೀವಿ" ಎಂದ. ಅಮ್ಮ ಅವನನ್ನು ಸುಡುವ ಹಾಗೆ ನೋಡಿದಳು. ಅಷ್ಟರಲ್ಲಿ ಕಾರು ನಕ್ಷೆಯ ನೀಲಿಗೆ ಇಳಿದು, ನಡುನೀರಿನಲ್ಲಿ ನಿಂತುಬಿಟ್ಟಿತು.

"ನೀರೊಳಗೆ ನಿಂತಿದೆ ಕಣೇ!"

"ಸೇತುವೆ ಇರುತ್ತಮ್ಮ" ಎಂದೆ. ನಕ್ಷೆಯನ್ನು ಹಿಗ್ಗಿಸಿದೆ. ಕೂದಲೆಳೆಯಂಥ ಗೆರೆಯೊಂದು ಕಂಡಿತು, ಸೇತುವೆಯೇ. ಆದರೆ ಸೇತುವೆಯ ಮೇಲೆ ಕಾರು ಯಾಕೆ ನಿಲ್ಲಬೇಕು? ಕರೆ ಮಾಡಿದೆ. ರಿಂಗಾಗಿ ಕಡಿದುಹೋಯಿತು. ಇನ್ನೊಮ್ಮೆ ಮಾಡಿದೆ. ಡ್ರೈವರಣ್ಣ ಸಮಾಧಾನ ಹೇಳುವುದನ್ನು ನಿಲ್ಲಿಸಿದ್ದ. "ಸೇತುವೆ ಮೇಲೆ ನಾವು ನಿಲ್ಸಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಾಗ ನನ್ನ ಪಿತ್ತ ನೆತ್ತಿಗೇರಿತು. "ಸುಮ್ನಿರ್ತೀರಾ ಅಣ್ಣಾ!" ಎಂದು ಕಿರುಚಿದೆ. ಅಮ್ಮ ಕತ್ತರಿ ಬದಿಗಿಟ್ಟು ಫೋನಿನ ಮೇಲೆ ಬಗ್ಗಿದಳು. ನನಗೂ ಜೀವ ಬಾಯಿಗೆ ಬಂದಿತ್ತು.

ಆಗ ಅವಳದೇ ವಿಡಿಯೋ ಕರೆ ಬಂತು. ಮುಖ ಕಾಣಲಿಲ್ಲ, ಉಸಿರು ಕೇಳಿಸಿತು.

"ಅಮ್ಮ, ಮಾತಾಡ್ಬೇಡ. ನೋಡು."

ಎದುರಿಗೆ ಒಂದು ಗೋಡೆಯಿತ್ತು. ಕಣ್ಣು ಹೊಂದಿಕೊಂಡ ಮೇಲೆ ಗೊತ್ತಾಯಿತು, ಅದು ಗೋಡೆಯಲ್ಲ, ರಸ್ತೆ. ಡಾಂಬರು, ನಡುವಿನ ಬಿಳಿ ಪಟ್ಟೆ, ಬದಿಯ ಕಂಬಿ, ಎಲ್ಲವನ್ನೂ ಹೊತ್ತುಕೊಂಡೇ ರಸ್ತೆ ಎದ್ದು ನಿಂತಿತ್ತು. ದೀಪದ ಕಂಬಗಳು ನಮ್ಮ ಕಡೆಗೆ ಅಡ್ಡಡ್ಡಲಾಗಿ ಚಾಚಿದ್ದವು. ತಂಗಿ ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಮಹಡಿ ಮೇಲೆ ಮಹಡಿ ಇದ್ದ ಹಡಗೊಂದು ಬಂತು, ಎದ್ದು ನಿಂತ ರಸ್ತೆಯ ಹಿಂದೆ ಮರೆಯಾಯಿತು, ಆ ಕಡೆಯಿಂದ ಹೊರಟಿತು. ಸದ್ದೇ ಇಲ್ಲ. ಕಾರುಗಳಿಂದ ಇಳಿದ ಜನರೂ ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಇಂಥದ್ದನ್ನು ಮನುಷ್ಯರು ಮಾಡಿದ್ದಾರೆ ಎಂಬುದಕ್ಕೆ ನನ್ನ ಕಣ್ಣು ತುಂಬಿ ಬಂತು.

"ಹಡಗಿಗೆ ದಾರಿ ಬಿಡೋಕೆ ಸೇತುವೆ ಎತ್ತುವಾಗ ಗಂಟೆ ಹೊಡೀತಿತ್ತು, ನಿಮ್ಮ ಫೋನ್ ಕೇಳಿಸ್ಲಿಲ್ಲ" ಎಂದಳು ತಂಗಿ. "ಬೇರೆಯವರೆಲ್ಲ ಇಳಿದ ಮೇಲೇ ನಾನೂ ಇಳಿದದ್ದು."

"ಆ ಡ್ರೈವರ್ ಎಲ್ಲಿ?" ಅಮ್ಮ ಕೇಳಿದಳು.

ತಂಗಿ ತೋರಿಸಿದಳು. ನರೆತ ಕೂದಲಿನವನು, ಕೈ ಕಟ್ಟಿಕೊಂಡು, ತಲೆಯೆತ್ತಿ ರಸ್ತೆಯನ್ನೇ ನೋಡುತ್ತಿದ್ದ.

"ಅವ್ನು ದಿನಾ ನೋಡೋದಲ್ವಾ?" ಎಂದ ಡ್ರೈವರಣ್ಣ, ಪಿಸುದನಿಯಲ್ಲಿ.

ರಸ್ತೆ ನಿಧಾನವಾಗಿ ಬಾಗುತ್ತಾ ಬಂದು ಮಲಗಿತು. ಜನ ಕಾರುಗಳಿಗೆ ಮರಳಿದರು. ತಂಗಿ ಮಾತ್ರ ಕದಲಲಿಲ್ಲ. ಫೋನನ್ನು ತನ್ನತ್ತ ತಿರುಗಿಸಿಕೊಂಡಾಗ ಅವಳ ಮುಖ ಬಿಳುಚಿಕೊಂಡಿತ್ತು.

"ಅಮ್ಮ, ಇಲ್ಲಿ ಎಲ್ಲಾ ತುಂಬಾ ದೊಡ್ಡದು. ನನ್ ಕೈಲಿ ಆಗಲ್ಲ ಅನ್ಸತ್ತೆ. ನೀನು ಹ್ಞೂಂ ಅಂದ್ರೆ ವಾಪಸ್ ಬಂದ್ಬಿಡ್ತೀನಿ."

ಅಮ್ಮ ಕಾಯುತ್ತಿದ್ದದ್ದು ಈ ಮಾತಿಗೇ. ಒಂದು ಹ್ಞೂಂ ಸಾಕಿತ್ತು.

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ರಸ್ತೇನೇ ಎಬ್ಬಿಸಿ ನಿಲ್ಲಿಸೋ ಊರು ಕಣೇ ಅದು. ಕಾಲಿಲ್ಲದವರನ್ನ ಎಬ್ಬಿಸಿ ನಿಲ್ಲಿಸೋದನ್ನ ಅಲ್ಲಲ್ದೆ ಇನ್ನೆಲ್ಲಿ ಕಲೀತೀಯ? ಕಾರಿನ ನಂಬರ್ ಇನ್ನೊಂದ್ಸಲ ನೋಡ್ಕೊಂಡು ಹತ್ತು. ಹೋಗು."

ತಂಗಿ ಹತ್ತಿದಳು. ಬಾಗಿಲು ಮುಚ್ಚಿದ ಸದ್ದು ನಮಗೂ ಕೇಳಿಸಿತು.