ನಿಧಾನಕ್ಕನ ಟ್ಯೂಬು

“ಆ ಸ್ಟ್ಯಾಂಡಿಗೆ ಕೈ ಹಾಕಬೇಡಿ ಸಾರ್,” ಎಂದಳು ನಿಧಾನಕ್ಕ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ಲ್ಯಾಬಿನ ಮುಖ್ಯಸ್ಥನ ಕೈ ಅಲ್ಲೇ ನಿಂತಿತು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಂದ ವಾರದಲ್ಲೇ ಅವಳಿಗೆ ಈ ಅಡ್ಡಹೆಸರು ಇಟ್ಟ ಪುಣ್ಯಾತ್ಮ. ಸ್ಟ್ಯಾಂಡಿನಲ್ಲಿದ್ದದ್ದು ಒಂದೇ ಟ್ಯೂಬು. ಮೂರು ವಾರದಿಂದ ತಲೆನೋವು, ಜ್ವರ ಅಂತ ನರಳುತ್ತಿದ್ದ ಬಸ್ ಡ್ರೈವರನ ಬೆನ್ನಿಗೆ ಸೂಜಿ ಹಾಕಿ ನಿನ್ನೆ ಮಧ್ಯಾಹ್ನ ತೆಗೆದ ನೀರು.

“ಹೊಸ ಮಿಷನ್ನಿಗೆ ಮೇಜು ಖಾಲಿಯಾಗಬೇಕು. ಅದರ ರಿಪೋರ್ಟು ನಿನ್ನೆಯೇ ಹೋಯ್ತಲ್ಲ? ವೈರಸ್ಸು ಅಂತ ದೊಡ್ಡ ಡಾಕ್ಟರು ಬರೆದಾಯ್ತು, ಹನ್ನೆರಡಕ್ಕೆ ಡಿಸ್ಚಾರ್ಜು. ಇನ್ನೂ ಯಾಕೆ ಮುದ್ದು ಮಾಡ್ತಿದೀರಿ ಅದನ್ನ?”

“ನೀರಲ್ಲಿ ಸಕ್ಕರೆ ಕಡಿಮೆ ಅಂತ ಅದೇ ರಿಪೋರ್ಟಲ್ಲಿದೆ. ಯಾರೂ ಓದಲಿಲ್ಲ. ವೈರಸ್ಸಾದ್ರೆ ಸಾಮಾನ್ಯವಾಗಿ ಸಕ್ಕರೆ ಇಳಿಯಲ್ಲ. ಕ್ಷಯ ಮಿದುಳಿನ ಪೊರೆಗೆ ಇಳಿದಿದ್ರೆ ಈ ನೀರಲ್ಲಿ ಬಲೆ ಕಟ್ಟುತ್ತೆ. ಒಂದು ದಿನ ಅಲುಗದೆ ಇರಬೇಕು, ಅಷ್ಟೆ.”

“ಯಾವ ಕಾಲದಲ್ಲಿದೀರಿ ನೀವು? ತೆಗೀರಿ, ಇಲ್ಲಾಂದ್ರೆ ಮೆಮೋ ಕೊಡ್ತೀನಿ.”

“ಕೊಡಿ. ನಿಧಾನವಾಗಿ ಬರೀರಿ, ಹೋದ ಸಲದ್ದರಲ್ಲಿ ನನ್ನ ಹೆಸರೇ ತಪ್ಪಿತ್ತು.”

ಅವನು ಧಡಾರನೆ ಬಾಗಿಲು ಎಳೆದುಕೊಂಡು ಹೋದ. ಅವಳು ಸ್ಟೂಲನ್ನು ಮೇಜಿಗೆ ಅಡ್ಡ ಹಾಕಿ ಕೂತಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇಗ ಬೇಗ ಅನ್ನಿಸಿಕೊಂಡು, ಇಂಥದ್ದೇ ಒಂದು ಟ್ಯೂಬನ್ನು ತೊಳೆದು ಇಟ್ಟಿದ್ದಳು. ಅದರ ರೋಗಿ, ಒಬ್ಬ ಹೆಂಗಸು, ಮನೆಗೆ ಹೋದವಳು ಹತ್ತು ದಿನಕ್ಕೆ ಪ್ರಜ್ಞೆಯಿಲ್ಲದೆ ವಾಪಸು ಬಂದಳು, ಮತ್ತೆ ಏಳಲಿಲ್ಲ. ಆ ಸಂಕಟ ಇವಳಿಗೆ ಇನ್ನೂ ಹೋಗಿಲ್ಲ. ಈಗ ಯಾರು ಏನಾದರೂ ಅಂದುಕೊಳ್ಳಲಿ.

ಹನ್ನೊಂದೂವರೆಗೆ ಬಗ್ಗಿ ನೋಡಿದಳು. ತಿಳಿನೀರಿನ ನಡುವೆ, ಮೇಲಿನಿಂದ ಕೆಳಕ್ಕೆ, ಮೂಲೆಯಲ್ಲಿ ಜೇಡ ನೇಯ್ದಂಥ ತೆಳ್ಳನೆ ಬಲೆ. ಅವಳು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಎತ್ತಿಕೊಂಡಳು. ಲಿಫ್ಟು ಕುಲುಕುತ್ತದೆಂದು ಎರಡು ಮಹಡಿ ಮೆಟ್ಟಿಲು ಹತ್ತಿದಳು, ಒಂದೊಂದೇ ಮೆಟ್ಟಿಲು. “ಏನಕ್ಕ, ಇವತ್ತೇ ತಲುಪ್ತೀಯಾ?” ಎಂದು ಆಯಾ ನಕ್ಕಳು. ಅವಳು ತಿರುಗಿಯೂ ನೋಡಲಿಲ್ಲ.

ವಾರ್ಡಿನಲ್ಲಿ ಡ್ರೈವರ್ ಚಪ್ಪಲಿ ಹಾಕಿಕೊಂಡು, ತಲೆ ಹಿಡಿದುಕೊಂಡು ಕೂತಿದ್ದ. ಅವನ ಹೆಂಡತಿ ಮನೆಯಿಂದ ತಂದ ಹೊದಿಕೆ ಮಡಿಸಿ ಚೀಲದ ಜಿಪ್ಪು ಎಳೆಯುತ್ತಿದ್ದಳು. ದೊಡ್ಡ ಡಾಕ್ಟರು ಡಿಸ್ಚಾರ್ಜಿನ ಕಾಗದದ ಮೇಲೆ ಪೆನ್ನು ಇಟ್ಟಿದ್ದರು.

“ಸಹಿ ಮಾಡಬೇಡಿ ಸಾರ್. ಇದನ್ನ ನೋಡಿ.”

“ಏನದು? ಕೊಡಿ ಇಲ್ಲಿ.”

“ಕೊಡಲ್ಲ. ಅಲುಗಿದ್ರೆ ಬಲೆ ಹರಿಯುತ್ತೆ. ನೀವೇ ಬಗ್ಗಿ ನೋಡಬೇಕು.”

ಡಾಕ್ಟರು ಅವಳ ಮುಖವನ್ನೇ ದುರುಗುಟ್ಟಿ ನೋಡಿದರು. ಅವಳೂ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವರೇ ಬಗ್ಗಿದರು. ಅವಳನ್ನು ಕಿಟಕಿಯ ಬೆಳಕಿಗೆ ಕರೆದು, ಕನ್ನಡಕ ಹಾಕಿಕೊಂಡು, ಮತ್ತೊಮ್ಮೆ ಬಗ್ಗಿದರು.

“ಬಣ್ಣ ಹಾಕಿ ಖಚಿತ ಮಾಡೋಕೆ ಎಷ್ಟು ಹೊತ್ತು?”

“ಸಂಜೆ ಆಗುತ್ತೆ. ಕೂತು ಕ್ಷಯದ ಕ್ರಿಮಿ ಹುಡುಕಬೇಕು.”

“ನಿಧಾನಕ್ಕೇ ನೋಡಿ,” ಎಂದು ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

ಡ್ರೈವರನ ಹೆಂಡತಿಗೆ ಬೇರೇನೂ ತಿಳಿಯಲಿಲ್ಲ, ಇಷ್ಟು ತಿಳಿಯಿತು. ಅವಳು ಚೀಲದ ಜಿಪ್ಪು ತೆರೆದು, ಹೊದಿಕೆ ಹೊರಗೆ ತೆಗೆದು, ಮಂಚದ ಮೇಲೆ ಮತ್ತೆ ಹಾಸತೊಡಗಿದಳು.