ಆಂಟಿ, ನೀವೇ ಹೇಳಿ

“ರಾಯರೇ, ಇದನ್ನು ಉಡಿಸೋಣವಾ, ಅದನ್ನಾ? ಬೇಗ ಹೇಳಿ, ಗಾಡಿ ಬರೋ ಹೊತ್ತಾಯ್ತು.” ಪಕ್ಕದ ಮನೆಯ ಸರಳಾ ಎರಡು ಕೈಯಲ್ಲಿ ಎರಡು ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಏಕನಾಥರಾಯರು ತಲೆ ಎತ್ತಿದರು. ಒಂದು ಕಪ್ಪು ಚಂದ್ರಕಾಳಿ, ಮೈತುಂಬ ಕಸೂತಿ. ಇನ್ನೊಂದು ಉಟ್ಟು ಉಟ್ಟು ಮೆತ್ತಗಾದ ಹಸಿರು ಇಳಕಲ್ ಸೀರೆ, ಸೆರಗಿನಲ್ಲಿ ಮಾತ್ರ ಒಂದಿಷ್ಟು ಕೆಲಸ.

“ಕಪ್ಪೇ ಇರಲಿ. ವೈಜಯಂತಿಗೆ ಅದೇ ಇಷ್ಟ.”

“ಮುತ್ತೈದೆಗೆ ಕಪ್ಪು ಉಡಿಸಿ ಕಳಿಸ್ತಾರಾ?” ಸರಳಾ ತಡವರಿಸಿದಳು. “ಅಲ್ಲದೆ ಅಕ್ಕನಿಗೆ ಈ ಸೀರೆ ಕಂಡರೆ ಆಗ್ತಿರಲಿಲ್ಲ. ಕಪ್ಪು ಬಟ್ಟೆಯ ಎಳೆ ಎಣಿಸಿ ಎಣಿಸಿ ಕಣ್ಣೇ ಹೋಯ್ತು, ಯಾರಾದರೂ ಕೇಳಿದರೆ ಕೊಟ್ಟುಬಿಡ್ತೀನಿ ಅಂತಿದ್ದಳು.”

ಮನೆಗೆ ಬಂದವರಿಗೆಲ್ಲ ಆ ಸೀರೆಯನ್ನು ಬಿಡಿಸಿ ತೋರಿಸಿ, ನಮ್ಮಾಕೆಯ ಜೀವವೇ ಇದರಲ್ಲಿದೆ ಎಂದು ಹೇಳುತ್ತ ಬಂದಿದ್ದವರು ರಾಯರೇ. ಅವರು ಗೋಡೆಯ ಕಡೆ ನೋಡುತ್ತ, “ಹಾಗಾದರೆ ಹಸಿರು,” ಎಂದರು.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಕುಸಿದ ವೈಜಯಂತಿ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಗುಡಗಾಂವಿನಿಂದ ಮಗಳು ತನ್ವಿ ಓಡಿ ಬಂದಿದ್ದಳು. ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಇಡಬೇಕಾದವರು ರಾಯರೇ.

ಸರಳಾ ವೈಜಯಂತಿಯ ಉಡಿಗೆ ಅಕ್ಕಿ, ಅರಿಶಿನದ ಕೊನೆ, ಕೊಬ್ಬರಿ ಹಾಕುತ್ತಿದ್ದಾಗ ತೆಳ್ಳಗಿನ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಅಪ್ಪನ ಫೋನಿನಲ್ಲಿ ನಂಬರು ಹುಡುಕಿ ಅವಳನ್ನು ಕರೆಸಿದ್ದ ತನ್ವಿ ಅವಳ ಕೈ ಹಿಡಿದುಕೊಂಡಳು.

“ಸಿಂಧೂರ, ತಂದಿದೀರಲ್ವಾ? ಅಮ್ಮನ ರೆಕಾರ್ಡಿಂಗ್?”

“ತಂದಿದೀನಿ. ಆದರೆ ಇವತ್ತೇ ಬೇಡ ತನ್ವಿ.”

“ಪ್ಲೀಸ್. ಮನೇಲಿ ಅಮ್ಮಂದು ಒಂದು ವಿಡಿಯೋ ಕೂಡ ಇಲ್ಲ. ಬಸ್, ಅವಳ ಆವಾಜ್ ಕೇಳಬೇಕು ನಂಗೆ.”

ಹೆಸರು ಕಿವಿಗೆ ಬಿದ್ದು ಸರಳಾ ತಿರುಗಿದಳು. “ನೀನೇನಾ ಆ ಹುಡುಗಿ? ಎಷ್ಟು ಕಾದಳು ಗೊತ್ತಾ ನಿನಗೆ! ‘ಮತ್ತೆ ಬಂದರೆ ಇದನ್ನು ಹೇಳ್ತೀನಿ, ಅದನ್ನು ಹೇಳ್ತೀನಿ’ ಅಂತ ನನ್ನ ಮುಂದೆ ಕೂತು ಹೇಳಿ ನೋಡ್ಕೋತಿದ್ದಳು. ಇದೇ ಸೆರಗಿನಲ್ಲಿ ಯಾರೂ ಹಾಕದ ಒಂದು ಚಿತ್ರ ಹಾಕಿದಾಳೆ. ಏನಕ್ಕ ಇದು ಅಂದರೆ, ‘ಆ ಹುಡುಗಿ ಬರಲಿ, ಅವಳಿಗೇ ಮೊದಲು ಹೇಳೋದು’ ಅನ್ನೋಳು.”

“ನೀವು ಯಾಕೆ ಬರಲಿಲ್ಲ ಮತ್ತೆ?” ತನ್ವಿ ಕೇಳಿದಳು.

ಸಿಂಧೂರಳ ಕಣ್ಣು ಒಮ್ಮೆ ರಾಯರ ಮೇಲೆ ಬಿದ್ದು ಕೆಳಗಿಳಿಯಿತು. “ನನಗೇ ಆಗಲಿಲ್ಲ. ಥೀಸಿಸ್ ಕೆಲಸ… ನನ್ನದೇ ತಪ್ಪು.”

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನಿಂದ ಯಾರೋ, “ಗಾಡಿ ಬಂತು, ಚಲೋ,” ಎಂದು ಕೂಗಿದರು. ಅವರು ಬಾಯಿ ಮುಚ್ಚಿಕೊಂಡು ಎದ್ದರು.

*

ಎರಡು ವರ್ಷದ ಹಿಂದೆ ಕನ್ನಡದವರ ಹಬ್ಬದೂಟದಲ್ಲಿ ವೈಜಯಂತಿಯ ಸೆರಗು ನೋಡಿ ಸಿಂಧೂರ ಬೆನ್ನು ಹತ್ತಿದ್ದಳು. ವಸಂತ್ ಕುಂಜ್‌ನಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದ ಹುಡುಗಿ. ನೇಯುವವರು, ಬಣ್ಣ ಹಾಕುವವರು, ಕಸೂತಿ ಹಾಕುವವರು ಏನು ಹೇಳುತ್ತಾರೋ ಅದನ್ನು ಅವರ ಬಾಯಿಂದಲೇ ಕೇಳಿ ರೆಕಾರ್ಡು ಮಾಡಿಕೊಳ್ಳುವುದು ಅವಳ ಕೆಲಸ. ಕರೋಲ್ ಬಾಗಿನಲ್ಲಿ ದುಪಟ್ಟಾಗಳಿಗೆ ಬಣ್ಣ ಹಾಕುವ ಮುದುಕನ ಕುದಿಯುವ ಹಂಡೆಯ ಪಕ್ಕ ಇಡೀ ದಿನ ಕೂತಿದ್ದಳಂತೆ.

ರಾಯರಿಗೆ ಹೆಮ್ಮೆಯೋ ಹೆಮ್ಮೆ. ಲೈಬ್ರರಿಯಿಂದ ಕಸೂತಿಯ ಪುಸ್ತಕ ತಂದು ಓದಿಕೊಂಡರು. ಚಳಿಗಾಲದ ಬಿಸಿಲಿಗೆ ಬಾಲ್ಕನಿಯಲ್ಲಿ ಚಾಪೆ ಹಾಸಿ ಮೂವರೂ ಕೂತರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಹೊಲಿಗೆ, ಗಂಟು ಹಾಕಬಾರದೆಂಬ ನೇಮ, ಗೋಪುರ, ತುಳಸಿಕಟ್ಟೆ, ಆನೆ, ನವಿಲು. ಮಾತು ಬಹಳ ಚೆನ್ನಾಗಿ ಸಾಗಿತೆಂದೇ ಅವರ ನೆನಪು.

ಕೆಲವು ದಿನಗಳ ಮೇಲೆ ಫೋನ್ ಬಂತು. “ಅಂಕಲ್, ಆಂಟಿ ಹತ್ತಿರ ಇನ್ನೊಂದು ಸಲ ಮಾತಾಡಬೇಕಿತ್ತು. ಅವರೊಬ್ಬರೇ ಇದ್ದಾಗ.”

‘ಅವರೊಬ್ಬರೇ’ ಎಂಬುದು ರಾಯರಿಗೆ ಚುಚ್ಚಿತು. “ಯಾಕಮ್ಮ, ಎಲ್ಲ ಹೇಳಿಯಾಯ್ತಲ್ಲ. ಉಳಿದದ್ದೇನಿದ್ದರೂ ನನ್ನನ್ನೇ ಕೇಳು.”

ಅವಳು ಮತ್ತೆ ಫೋನ್ ಮಾಡಿದಾಗ, “ಅವಳಿಗೆ ಇದೆಲ್ಲ ಇಷ್ಟವಿಲ್ಲಮ್ಮ, ಬಿಟ್ಟುಬಿಡು,” ಎಂದುಬಿಟ್ಟರು.

“ಯಾರದು ಫೋನು?” ಅಡುಗೆಮನೆಯಿಂದ ವೈಜಯಂತಿ ಕೇಳಿದರು. ಸೆರಗಿಗೆ ಕೈ ಒರೆಸುತ್ತ ಬಾಗಿಲ ತನಕ ಬಂದೂ ಬಿಟ್ಟಿದ್ದರು.

“ಯಾರೋ ಬ್ಯಾಂಕಿನವರು. ಕ್ರೆಡಿಟ್ ಕಾರ್ಡ್ ಬೇಕಾ ಅಂತ.”

*

ಲಕ್ಷ್ಮೀ ನಗರದ ಮುಖ್ಯರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಲಸಕ್ಕೆ ಅರ್ಧ ದಾರಿ ಮುಚ್ಚಿತ್ತು. ಗಾಡಿ ತೆವಳುತ್ತ ಯಮುನೆ ದಾಟಿತು. ನಿಗಮಬೋಧ ಘಾಟಿನಲ್ಲಿ ಕಟ್ಟಿಗೆ ಒಟ್ಟಿ, ಮೇಲೆ ವೈಜಯಂತಿಯನ್ನು ಮಲಗಿಸಿದರು. ಸೆರಗಿನ ತುದಿ ಜೋತುಬಿದ್ದಿತ್ತು. ಸರಿಪಡಿಸಲು ಬಗ್ಗಿದ ರಾಯರು ಹಾಗೆಯೇ ನಿಂತುಬಿಟ್ಟರು. ನವಿಲುಗಳ ಸಾಲಿನ ಮಧ್ಯೆ ಹಳದಿ ದಾರದಲ್ಲಿ ಏನೋ ಒಂದು ಇತ್ತು. ಹೂವೋ, ಚಕ್ರವೋ, ಕಿಟಕಿಯೋ. ಪುಸ್ತಕದಲ್ಲಿ ಓದಿದ್ದ ಹೆಸರುಗಳನ್ನೆಲ್ಲ ನೆನೆಸಿಕೊಂಡರು. ಯಾವುದೂ ಇದಕ್ಕೆ ಹೊಂದಲಿಲ್ಲ. ಅವರು ತುದಿಯನ್ನು ತಿರುವಿ ನೋಡಿದರು. ಹಿಂಬದಿಯಲ್ಲೂ ಅದೇ ಚಿತ್ರ.

“ಯಜಮಾನರೇ, ಹೊತ್ತಾಗ್ತದೆ,” ಎಂದರು ಪುರೋಹಿತರು.

ರಾಯರು ಸೆರಗನ್ನು ಹೆಂಡತಿಯ ಎದೆಯ ಮೇಲೆ ಇಟ್ಟು ಬೆಂಕಿ ತೆಗೆದುಕೊಂಡರು.

*

ಸ್ನಾನ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಾಗ ತನ್ವಿ ಕೈ ಚಾಚಿದಳು. ಸಿಂಧೂರ ಪುಟ್ಟ ರೆಕಾರ್ಡರನ್ನು ಕೊಟ್ಟು ಕಿಟಕಿಯ ಕಡೆ ಸರಿದಳು.

“ಕಸೂತಿ ಅಂದರೆ ನೋಡಮ್ಮ, ಇದಕ್ಕೆ ದೊಡ್ಡ ಇತಿಹಾಸವಿದೆ…” ರಾಯರ ದನಿ ಕೋಣೆ ತುಂಬಿತು. ಯಾರು ಕಲಿಸಿದರು ಎಂದು ಸಿಂಧೂರ ಕೇಳುತ್ತಾಳೆ, ರಾಯರು ಹೇಳುತ್ತಾರೆ. ಯಾವ ಬಣ್ಣ ಇಷ್ಟ ಎಂದು ಕೇಳುತ್ತಾಳೆ. ಕಪ್ಪು ಎನ್ನುತ್ತಾರೆ ರಾಯರು. ಕೂತವರು ತಲೆ ತಗ್ಗಿಸಿ ಕೇಳುತ್ತಿದ್ದರು.

“ಅಮ್ಮ ಯಾವಾಗ ಮಾತಾಡ್ತಾಳೆ?” ತನ್ವಿ ಮುಂದಕ್ಕೆ ಓಡಿಸಿದಳು. ಮತ್ತೆ ರಾಯರು. ಇನ್ನೂ ಮುಂದಕ್ಕೆ. ಮತ್ತೆ ರಾಯರು.

“ಆಂಟಿ, ನೀವೇ ಹೇಳಿ,” ಎಂದಳು ರೆಕಾರ್ಡರಿನ ಸಿಂಧೂರ. “ಹೊಲೀತಾ ಇರೋವಾಗ ಮನಸ್ಸಿನಲ್ಲಿ ಏನಿರುತ್ತೆ?”

ರೆಕಾರ್ಡಿಂಗಿನಲ್ಲಿ, ಬಾಲ್ಕನಿಯ ಕೆಳಗೆ, ತರಕಾರಿ ಭಯ್ಯಾ ಕೂಗುವುದು ಕೇಳಿತು. ಆಮೇಲೆ ಮೆಲ್ಲಗೆ ವೈಜಯಂತಿಯ ದನಿ:

“ನಾನಾ… ನಾನು ಏನಂದ್ರೆ…”

ಕೂಡಲೇ ರಾಯರ ದೊಡ್ಡ ನಗು. “ಮನಸ್ಸಿನಲ್ಲಿ ಏನಿರುತ್ತಮ್ಮ, ಎಳೆ ಲೆಕ್ಕ! ಏ, ಚಹಾ ಇಡು ಹೋಗು.” ಬಳೆಗಳ ಸದ್ದು ದೂರವಾಯಿತು.

ಯಾರೂ ರಾಯರ ಕಡೆ ನೋಡಲಿಲ್ಲ. ಸರಳಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ತನ್ವಿ,” ಎಂದರು ರಾಯರು.

ತನ್ವಿ ರೆಕಾರ್ಡರನ್ನು ಕಿವಿಗೆ ಹಿಡಿದು ಹಿಂದಕ್ಕೆ ಓಡಿಸಿದಳು. “ನಾನಾ… ನಾನು ಏನಂದ್ರೆ…” ಹಿಂದೆಯೇ ರಾಯರ ನಗು. ಮತ್ತೆ ಹಿಂದಕ್ಕೆ. ಈ ಸಲ ನಗುವಿನ ಚೂರು ಮಾತ್ರ ಕೇಳಿತು. ಮತ್ತೆ, ಮತ್ತೆ. ಕೊನೆಗೆ ಅವಳ ಹೆಬ್ಬೆರಳಿಗೆ ಅಳತೆ ಸಿಕ್ಕಿತು. ತಾಯಿಯ ಮಾತು ಮುಗಿದು ತಂದೆಯ ದನಿ ಏಳುವ ಮೊದಲೇ ಅದು ನಿಲ್ಲಿಸುವ ಗುಂಡಿಯನ್ನು ಒತ್ತಿಬಿಡುತ್ತಿತ್ತು.