ಹನ್ನೊಂದರಿಂದ ಒಂದರವರೆಗೆ

ಸಮಿತಿಗೆ ಅವಳನ್ನು ಆರಿಸಿದ್ದೇ ಅವಳಿಗೆ ಬಾಯಿಲ್ಲ ಅಂತ. ಇದನ್ನು ಯಾರೂ ಮುಚ್ಚಿಡಲೂ ಇಲ್ಲ. ಇನ್ನೂರು ಹೆಂಗಸರು ಶರ್ಟು ಹೊಲಿಯುವ ಕಾರ್ಖಾನೆ ಅದು. ಅಂಥ ಕಡೆ ಹೆಣ್ಣುಮಕ್ಕಳ ಮೇಲೆ ಕೈಹಾಕುವವರ ವಿರುದ್ಧ ದೂರು ಕೇಳಲು ಒಂದು ಸಮಿತಿ ಇರಬೇಕು, ಅದರಲ್ಲಿ ಮಿಷನ್ನಿನ ಮುಂದೆ ಕೂರುವವಳು ಒಬ್ಬಳಾದರೂ ಇರಬೇಕು ಎನ್ನುತ್ತದೆ ಕಾನೂನು. ಯಾರಾಗಬೇಕು ಆ ಒಬ್ಬಳು? ಹದಿನಾಲ್ಕು ವರ್ಷದಿಂದ ಮೂರನೇ ಸಾಲಿನಲ್ಲಿ ಕಾಲರು ಹೊಲಿಯುತ್ತ, ಬೈದರೂ ತಲೆ ಎತ್ತದೆ, ಇಡೀ ಸಾಲಿನ ಬಾಯಲ್ಲಿ 'ಬಾಯಿಲ್ಲದಕ್ಕ' ಆಗಿದ್ದವಳು ಇರುವಾಗ ಬೇರೆಯವರನ್ನು ಹುಡುಕಲು ಆಫೀಸಿನವರಿಗೇನು ತಲೆ ಕೆಟ್ಟಿತ್ತೆ? ನೋಟೀಸು ಬೋರ್ಡಿನಲ್ಲಿ ಅವಳ ಫೋಟೋ ಅಂಟಿಸಿದರು. ಅದನ್ನು ನೋಡಿ ಒಳಗೊಳಗೇ ಉಬ್ಬಿದ್ದಳು ಪುಣ್ಯಾತ್ಗಿತ್ತಿ. ಆ ಹೆಮ್ಮೆ ನೆನಪಾದರೆ ಈಗ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಸಮಿತಿಯ ಕೆಲಸವೂ ಸುಲಭವೇ ಇತ್ತು. ಮೂರು ತಿಂಗಳಿಗೊಮ್ಮೆ ಆಫೀಸಿನ ಮೇಡಂ ಕಡತ ಹಿಡಿದುಕೊಂಡು ಮಿಷನ್ನಿನ ಹತ್ತಿರವೇ ಬರುತ್ತಿದ್ದಳು. ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು ಮೊದಲೇ ಬಿದ್ದಿರುತ್ತಿತ್ತು.

"ಇಲ್ಲಿ. ಇಲ್ಲಿ. ಇಲ್ಲೊಂದು. ಬೇಗ ಮಾಡು, ನಿನ್ ಟಾರ್ಗೆಟ್ ತಪ್ಪಿಹೋಗತ್ತೆ."

ಎಡಗೈಯಲ್ಲಿ ಬಟ್ಟೆ ಬಿಡದೆ, ಬಲಗೈಯಲ್ಲಿ ಅವಳು ಸಹಿ ಗೀಚುತ್ತಿದ್ದಳು. ಹಾಳೆಯಲ್ಲಿ ಏನಿದೆ ಅಂತ ಮೇಡಂ ಹೇಳುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ. ಏಳನೇ ಕ್ಲಾಸಿನ ತನಕ ಓದಿದವಳು, ಓದಲು ಬರುತ್ತಿರಲಿಲ್ಲ ಅನ್ನುವಂತಿಲ್ಲ. ಓದಲಿಲ್ಲ, ಅಷ್ಟೆ.

ಅದೇ ಸಾಲಿನಲ್ಲಿ ಗುಂಡಿ ಹಾಕುವ ಮಿಷನ್ನಿನಲ್ಲಿ ಅವಳ ನಾದಿನಿ ಕೂರುತ್ತಿದ್ದಳು, ಗಂಡನ ತಂಗಿ. ಒಂದು ದಿನ ಮನೆಯಲ್ಲಿ ಪಾತ್ರೆ ತೊಳೆಯುತ್ತ, ನಲ್ಲಿಯ ಸದ್ದು ಜೋರಾಗಿರುವಾಗ ಆ ಹುಡುಗಿ ಹೇಳಿದಳು. ಫ್ಲೋರ್ ಮ್ಯಾನೇಜರು ಗಂಟೆಗೊಮ್ಮೆ ಪೀಸು ಎಣಿಸುವ ನೆಪದಲ್ಲಿ ಹಿಂದೆ ಬಂದು ನಿಲ್ಲುತ್ತಾನೆ, ಕೈ ಎಲ್ಲೆಲ್ಲಿಗೋ ಹೋಗುತ್ತದೆ, ತಳ್ಳಿದರೆ ಹಲ್ಲು ಕಿರಿಯುತ್ತಾನೆ.

"ಬರೆದು ದೂರಿನ ಡಬ್ಬಿಗೆ ಹಾಕು," ಅಂದಿದ್ದಳು ಅತ್ತಿಗೆ. "ಸಮಿತಿ ಯಾಕಿದೆ ಮತ್ತೆ? ನಾನಿದೀನಲ್ಲ."

ಹುಡುಗಿ ಎರಡು ಪುಟ ಬರೆದು ಹಾಕಿದಳು. ಎರಡು ತಿಂಗಳಿಗೆ ಅವಳ ಕೈಗೆ ಬಂದ ಕಾಗದದಲ್ಲಿ, ದೂರು ಸುಳ್ಳು, ಕೆಲಸವೂ ನಿಧಾನ, ನಾಳೆಯಿಂದ ಬರಬೇಕಾಗಿಲ್ಲ ಎಂದಿತ್ತು. ಅತ್ತಿಗೆ ಮೇಡಂ ಬಳಿ ಹೋಗಿ ಕೇಳಿದ್ದೂ ಉಂಟು. "ಅದನ್ನ ಮೇಲಿನವರೇ ಕೂತು ತೀರ್ಮಾನ ಮಾಡಿದ್ರು, ನಿನ್ನ ಕರೆಯೋ ಅಗತ್ಯ ಬೀಳ್ಲಿಲ್ಲ," ಅಂದಳು ಮೇಡಂ. ಕಿವಿಗೆ ಹೂವಿಟ್ಟರು, ಇವಳು ಇಡಿಸಿಕೊಂಡು ಬಂದಳು.

ನಾದಿನಿ ಸುಮ್ಮನೆ ಕೂರುವವಳಲ್ಲ. ಹೆಣ್ಣು ಕಾರ್ಮಿಕರ ಸಂಘಕ್ಕೆ ಹೋದಳು, ಸಂಘದ ವಕೀಲೆ ಕಾರ್ಮಿಕ ನ್ಯಾಯಾಲಯದಲ್ಲಿ ಕೇಸು ಹಾಕಿದಳು. ಎರಡನೇ ವಾಯಿದೆಗೆ ಕಂಪನಿಯವರು ಇಟ್ಟಿಗೆಯಷ್ಟು ದಪ್ಪದ ದಾಖಲೆ ತಂದು ಮೇಜಿನ ಮೇಲಿಟ್ಟರು. ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ಕೂತು ವಕೀಲೆ ಅದರ ಪ್ರತಿಯನ್ನು ತಿರುವಿದಳು, ಒಂದು ಪುಟದಲ್ಲಿ ನಿಂತಳು, ಅದನ್ನು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಓದಿ, ಜೊತೆಗೆ ಬಂದಿದ್ದ ಅತ್ತಿಗೆಯ ಮುಖದ ಮುಂದೆ ಹಿಡಿದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ಸಮಿತಿಯ ಸಭೆ ಸೇರಿತಂತೆ. ದೂರುದಾರಳ ನಡತೆಯನ್ನೂ ಪರಿಶೀಲಿಸಲಾಯಿತಂತೆ. ದೂರು ದುರುದ್ದೇಶದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತಂತೆ. ಕೆಳಗೆ ಐದು ಸಹಿ. ಮೂರನೆಯದು ಅವಳದು.

"ನಿಂದೇನಾ ಅತ್ಗೆ?"

"ನಂದೇ."

"ನನ್ನ ನಡತೆ ಹೆಂಗಿತ್ತು? ಎರಡು ಗಂಟೆ ಪರಿಶೀಲಿಸಿದೀಯಲ್ಲ, ಹೇಳು."

ಏನು ಹೇಳಿಯಾಳು? ಸಭೆಯೇ ನಡೆದಿಲ್ಲ ಕಣೆ ಎಂದರೆ, ನಡೆಯದ ಸಭೆಗೆ ಸಹಿ ಹಾಕಿದ ಕೈ ಯಾರದು?

ಅಂದಿನಿಂದ ಆ ಎರಡು ಕೋಣೆಯ ಮನೆಯಲ್ಲಿ ನಾದಿನಿ ಅವಳೊಂದಿಗೆ ಮಾತು ಬಿಟ್ಟಳು. ಅವಳು ಬಡಿಸಿದರೆ ತಟ್ಟೆ ಸರಿಸಿ ಏಳುತ್ತಿದ್ದಳು. ಗಂಡ ಇಬ್ಬರ ನಡುವೆ ನಾಲ್ಕು ದಿನ ತೆಪ್ಪಗಿದ್ದು, ಐದನೇ ದಿನ ಬುದ್ಧಿ ಹೇಳಲು ಬಂದ. "ಹಾಕಿದ್ದು ಹಾಕಿ ಆಯ್ತು. ಅವಳ ಕೆಲಸ ಹೋಗಿದೆ, ನಿಂದೂ ಹೋದ್ರೆ ಮನೆ ನಡೆಯೋದು ಹೆಂಗೆ? ಸುಮ್ನಿರು."

"ಸುಮ್ನಿದ್ದೇ ಇಷ್ಟಾಗಿರೋದು!"

ಪಕ್ಕದ ಮನೆಯ ಕಿಟಕಿಯಲ್ಲಿ ತಲೆ ಕಾಣಿಸಿಕೊಳ್ಳುವಷ್ಟು ಜೋರಾಗಿತ್ತು ಆ ಕೂಗು. ಕೂಗಿದ್ದು ತಾನೇ ಎಂದು ಅವಳಿಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ವಕೀಲೆಯ ಕೋಣೆಗೆ ನಡೆದಳು.

"ಸಭೆ ನಡೆದಿಲ್ಲ ಅಂತ ನಾನೇ ಬಂದು ಹೇಳ್ತೀನಿ ಮೇಡಂ."

ವಕೀಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಹೇಳ್ಬಹುದು. ನಾದಿನಿಗೋಸ್ಕರ ಸುಳ್ಳು ಹೇಳ್ತಿದಾಳೆ ಅಂತಾರೆ. ಐದು ಸಹಿ ಮುಂದೆ ನಿಮ್ಮದೊಂದು ಮಾತು. ಸಾಕ್ಷಿ ಏನಿದೆ?"

"ಆ ಕಟ್ಟು ಕೊಡಿ, ಪೂರ್ತಿ ನೋಡ್ತೀನಿ."

"ಉಳಿದಿದ್ದೆಲ್ಲ ಬರೀ ಅಂಕಿ. ಹುಡುಗಿ ಕೆಲಸ ನಿಧಾನ ಅಂತ ತೋರಿಸೋಕೆ ತುಂಬಿದಾರೆ."

ಅಂಕಿಯೇ ಹೌದು. ಸಾಲಿನ ಗಂಟೆಪಟ್ಟಿ. ಯಾವ ಮಿಷನ್ನಿನವಳು ಯಾವ ಗಂಟೆಯಲ್ಲಿ ಎಷ್ಟು ಪೀಸು ಹೊಲಿದಳು ಅಂತ ಮ್ಯಾನೇಜರು ಗಂಟೆಗೊಮ್ಮೆ ಬಂದು ಬರೆದುಕೊಳ್ಳುವ ಹಾಳೆ. ನಾದಿನಿಯನ್ನು ಸೋಮಾರಿ ಎಂದು ತೋರಿಸಲು ಕಂಪನಿಯವರು ಇಡೀ ಸಾಲಿನ ಎರಡು ತಿಂಗಳ ಪಟ್ಟಿಯನ್ನೇ ತಂದು ಸುರಿದಿದ್ದರು. ಓದಿಕೊಂಡ ವಕೀಲೆಗೆ ಅದು ಬರೀ ಅಂಕಿ. ಇವಳಿಗೆ ಅದು ತನ್ನ ಬೆನ್ನುನೋವು. ಉಗುರಿನಲ್ಲಿ ಒಂದೊಂದೇ ದಿನ ದಾಟುತ್ತ ಹೋಗಿ ಆ ಮಂಗಳವಾರ ಹಿಡಿದಳು.

"ಇದು ನಾನು ಮೇಡಂ, ಹದಿನೇಳನೇ ಮಿಷನ್. ಹನ್ನೊಂದರಿಂದ ಹನ್ನೆರಡು, ಅರವತ್ತೆರಡು ಕಾಲರು. ಹನ್ನೆರಡರಿಂದ ಒಂದು, ಅರವತ್ತು ಕಾಲರು." "ನಿಮಿಷಕ್ಕೊಂದು ಕಾಲರು ಹೊಲಿಯೋಳು ಉಚ್ಚೆಗೆ ಎದ್ದರೂ ಲೆಕ್ಕ ತಪ್ಪುತ್ತೆ. ನಾನು ಸಭೆಯಲ್ಲಿ ಯಾವಾಗ ಕೂತಿದ್ದೆ?"

ವಕೀಲೆ ಹಾಳೆಯನ್ನು ಕಿತ್ತುಕೊಂಡಳು. ಅದರ ಅಡಿಯಲ್ಲಿ ಬರೆದವನ ಸಹಿ ಇತ್ತು. ಅದೇ ಫ್ಲೋರ್ ಮ್ಯಾನೇಜರು! ಕೈಹಾಕಿದವನೇ, ಆ ಎರಡು ಗಂಟೆ ಅವಳು ಮಿಷನ್ ಬಿಟ್ಟು ಎದ್ದಿಲ್ಲ ಅಂತ ಬರೆದು ಕೊಟ್ಟಿದ್ದ.

"ಅವರೇ ತಂದುಕೊಟ್ಟಿದಾರಲ್ಲರೀ!" ವಕೀಲೆ ಮೇಜು ಕುಟ್ಟಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಸಾಕ್ಷಿ ಹೇಳಿದ್ರೆ ನಿಮ್ಮ ಕೆಲಸ ಉಳಿಯಲ್ಲ. ಓದದೆ ಯಾಕೆ ಸಹಿ ಹಾಕಿದೆ ಅಂತ ಎಲ್ಲರ ಮುಂದೆ ಕೇಳ್ತಾರೆ."

"ಕೇಳ್ಲಿ. ಕೇಳಬೇಕಾದ್ದೇ."

ಕೇಳಿದರು. ಕಂಪನಿಯ ವಕೀಲ ದಪ್ಪ ದನಿಯವನು, ಕಟಕಟೆಯ ಹತ್ತಿರ ಬಂದು ಮಗುವಿಗೆ ಪಾಠ ಹೇಳುವಂತೆ ಬಾಗಿ ನಿಂತ.

"ಓದು ಬರಹ ಬರುತ್ತೇನಮ್ಮ?"

"ಬರುತ್ತೆ."

"ಓದಿ ಸಹಿ ಹಾಕಿದ್ಯಾ?"

"ಇಲ್ಲ."

"ಓದು ಬಂದರೂ ಓದದೆ, ಯಾರೇನು ಕೊಟ್ಟರೂ ಸಹಿ ಹಾಕೋಳು ನೀನು. ಅಂಥವಳ ಮಾತನ್ನ ನ್ಯಾಯಾಲಯ ನಂಬಬೇಕು?"

"ನನ್ನ ನಂಬಬೇಡಿ. ಗಂಟೆಪಟ್ಟಿ ನಂಬಿ. ನಿಮ್ಮ ಮ್ಯಾನೇಜರು ಬರೆದಿದ್ದು, ನೀವೇ ತಂದಿದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲನ ಕಿವಿ ಕೆಂಪಾಯಿತು. ಅಲ್ಲಿಗೇ ಕೂತಿದ್ದರೆ ಬಚಾವಾಗುತ್ತಿದ್ದ. ಆದರೆ ಹೊಲಿಗೆಯವಳೊಬ್ಬಳು ತನ್ನ ಬಾಯಿ ಮುಚ್ಚಿಸುವುದೆಂದರೇನು? "ಇಂಥ ಸುಳ್ಳು ಕಾಗದಕ್ಕೆ ಇನ್ನೆಷ್ಟು ಸಲ ಸಹಿ ಹಾಕಿದೀಯ, ಅದನ್ನೂ ಹೇಳಿಬಿಡು," ಎಂದು ಕಿರುಚಿದ.

ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. ಕಣ್ಣು ಮುಚ್ಚಿ ಎಣಿಸಿದಳು.

"ಹನ್ನೆರಡು ಸಲ. ಮೂರು ವರ್ಷ, ಮೂರು ತಿಂಗಳಿಗೊಮ್ಮೆ. ಒಂದೇ ಒಂದು ಸಭೆ ನಡೆದಿಲ್ಲ." ನ್ಯಾಯಾಧೀಶರ ಕಡೆ ತಿರುಗಿದಳು. "ಬರ್ಕೊಳ್ಳಿ ಸ್ವಾಮಿ. ಹನ್ನೆರಡೂ ಸುಳ್ಳು."

ಅಷ್ಟು ಹೊತ್ತು ಕಾಗದದಿಂದ ಮುಖ ಎತ್ತದಿದ್ದ ನ್ಯಾಯಾಧೀಶರು ಎತ್ತಿದರು. ಹನ್ನೆರಡು ಸಭೆಗಳ ನಡಾವಳಿಯನ್ನೂ, ಆ ಎಲ್ಲ ದಿನಗಳ ಗಂಟೆಪಟ್ಟಿಯನ್ನೂ ಮುಂದಿನ ವಾಯಿದೆಗೆ ತರಬೇಕೆಂದು ಬರೆಸಿದರು. ಕಂಪನಿಯ ವಕೀಲ ಕುರ್ಚಿಯಲ್ಲಿ ಕುಸಿದು ಕೂತು ನೀರು ಕುಡಿದ.

ಹೊರಗೆ ಬಂದಾಗ ಅವಳಿಗೆ ಒಂದಿಷ್ಟು ಆಸೆ ಇತ್ತು, ಸುಳ್ಳೇಕೆ. ನಾದಿನಿ ಕೈ ಹಿಡಿಯುತ್ತಾಳೆ, ಅತ್ಗೆ ಅನ್ನುತ್ತಾಳೆ ಅಂತ. ನಾದಿನಿ ಮೆಟ್ಟಿಲ ಮೇಲೆ ನಿಂತು ಅವಳನ್ನು ದಿಟ್ಟಿಸಿದಳು.

"ಉಳಿದ ಹನ್ನೊಂದು ಕಾಗದದಲ್ಲಿ ಯಾರ್ಯಾರ ದೂರು ಇತ್ತು?"

"ಗೊತ್ತಿಲ್ಲ ಕಣೆ. ಓದಿರ್ಲಿಲ್ಲ."

"ನನ್ನ ಹಾಗೆ ಎಷ್ಟು ಜನ ಹೋದ್ರೋ. ನಿಂಗೆ ಹೆಸರೂ ಗೊತ್ತಿಲ್ಲ."

ಕಂಪನಿಯ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅತ್ತಿಗೆಯ ಮೈಮೇಲೇ ಬಿತ್ತು. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಪೆನ್ನು. ಒಂದೊಂದು ಸಹಿಗೆ ಒಬ್ಬೊಬ್ಬಳು! ಟಾರ್ಗೆಟ್ ತಪ್ಪಬಾರದು ಅಂತ!

ಸೋಮವಾರ ಗೇಟಿನಲ್ಲಿ ಅವಳ ಕಾರ್ಡು ಕೆಲಸ ಮಾಡಲಿಲ್ಲ. ಕಾವಲಿನವನು ಮುಖ ತಿರುಗಿಸಿಕೊಂಡ. ಅವಳು ಮನೆಗೆ ಹೋಗಲಿಲ್ಲ. ಸಂಜೆ ಪಾಳಿ ಬಿಡುವ ತನಕ ಎದುರಿನ ಫುಟ್‌ಪಾತಿನಲ್ಲೇ ನಿಂತಿದ್ದು, ಹೊರಬಂದ ಹೆಂಗಸರನ್ನು ಒಬ್ಬೊಬ್ಬರನ್ನೇ ತಡೆದು ಕೇಳಿದಳು, ದೂರಿನ ಡಬ್ಬಿಗೆ ಏನಾದರೂ ಹಾಕಿದ್ದಿರಾ? ಅವರು ತಲೆ ತಗ್ಗಿಸಿಕೊಂಡು ಸರಸರನೆ ದಾಟಿಹೋದರು. ಎರಡನೇ ದಿನವೂ ಅದೇ. ಮೂರನೇ ದಿನ ನಾದಿನಿಯೂ ಬಂದು, ಕೈಯಲ್ಲೊಂದು ನೋಟುಬುಕ್ಕು ಹಿಡಿದು, ಮಾತಾಡದೆ ಪಕ್ಕದಲ್ಲಿ ನಿಂತಳು.

ಆ ಸಂಜೆ ಇಸ್ತ್ರಿ ವಿಭಾಗದ ಹೆಂಗಸೊಬ್ಬಳು ನಿಂತಳು. ಐವತ್ತು ದಾಟಿದವಳು, ಮೊಣಕೈ ತನಕ ಸುಟ್ಟ ಕಲೆಗಳು.

"ನಾನು ಹಾಕಿದ್ದೆ," ಅಂದಳು. "ಎರಡು ವರ್ಷ ಆಯ್ತು. ಈ ವಯಸ್ಸಿನ ಮುದುಕಿ ಮೇಲೆ ಯಾರು ಕೈ ಹಾಕ್ತಾರೆ ಅಂತ ಆಫೀಸಲ್ಲಿ ನಕ್ಕರು. ಸುಳ್ಳು ಅಂತ ಸಮಿತಿ ತೀರ್ಮಾನದ ನಕಲನ್ನೇ ಕೈಗೆ ಕೊಟ್ರು. ಅವತ್ತಿಂದ ಕೈ ಹಾಕಿದವನ ಕಣ್ಣೆದುರೇ ಇಸ್ತ್ರಿ ತಿಕ್ತಿದೀನಿ. ಆ ಕಾಗದದ ಕೆಳಗೆ ಯಾರ ಸಹಿ ಇತ್ತು, ಗೊತ್ತಾ ನಿಂಗೆ?"

"ಗೊತ್ತು. ನಂದು."

ಪೆಟ್ಟು ಕಪಾಳಕ್ಕೆ ಬಿತ್ತು. ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅದು, ಕಣ್ಣಿಗೆ ಕತ್ತಲೆ ಬಂತು. ದಾರಿಯಲ್ಲಿದ್ದ ಹೆಂಗಸರೆಲ್ಲ ನಿಂತರು. ನಾದಿನಿ ಮುಂದೆ ನುಗ್ಗಿದಾಗ ಅವಳು ತೋಳು ಚಾಚಿ ತಡೆದಳು.

"ಹೊಡೆದಾಯ್ತಲ್ಲ ಅಕ್ಕ," ಅಂದಳು. "ಈಗ ತಾರೀಖು ಹೇಳಿ."

ಇಸ್ತ್ರಿಯವಳು ಅಳುತ್ತಲೇ, ಬೈಯುತ್ತಲೇ ತಾರೀಖು ಹೇಳಿದಳು, ಗಂಟೆ ಹೇಳಿದಳು, ಅವನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಹೇಳಿದಳು. ನಾದಿನಿ ಬರೆದುಕೊಂಡಳು.